‘ಮಾತ್ರೆ ಬಿಡಿ, ಕಷಾಯ ಕುಡಿಯಿರಿ’: ಶುಗರ್ ಬಗ್ಗೆ ಹರಿದಾಡುವ ಸಂದೇಶಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

“ಏಳು ದಿನ ಈ ನೀರು ಕುಡಿಯಿರಿ, ಶುಗರ್ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯಿರಿ.” “ಮುದ್ದೆ ಉಣ್ಣುವವರಿಗೆ ಶುಗರ್ ಬರುವುದೇ ಇಲ್ಲ.” “ಔಷಧ ಕಂಪನಿಗಳು ಲಾಭಕ್ಕಾಗಿ ಶುಗರ್ ಮಿತಿಯನ್ನೇ ಇಳಿಸಿವೆ.” ಇಂಥ ಸಂದೇಶ ಒಂದಾದರೂ ನಿಮ್ಮ ಮೊಬೈಲ್‌ಗೆ ಬಂದಿರುತ್ತದೆ. ಕಳಿಸಿದವರು ದೊಡ್ಡಪ್ಪನೋ, ಸಹೋದ್ಯೋಗಿಯೋ, ಅಪಾರ್ಟ್‌ಮೆಂಟ್ ಗುಂಪಿನ ಹಿರಿಯರೋ ಆಗಿರುತ್ತಾರೆ. ಅವರ ಉದ್ದೇಶ ಒಳ್ಳೆಯದೇ.

ಆದರೆ ಉಳಿದ ಫಾರ್ವರ್ಡ್‌ಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇದನ್ನು ನಂಬಿದವರು ಮಾತ್ರೆ ನಿಲ್ಲಿಸುತ್ತಾರೆ. ಮಾತ್ರೆ ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಾರ ಕಳೆದರೂ ನೋವಿಲ್ಲ, ಜ್ವರವಿಲ್ಲ. “ನೋಡಿ, ನಾನು ಆರಾಮಾಗಿದ್ದೇನೆ” ಎನ್ನುತ್ತಾ ಅವರೇ ಆ ಸಂದೇಶವನ್ನು ಇನ್ನೂ ಹತ್ತು ಜನರಿಗೆ ಕಳಿಸುತ್ತಾರೆ. ಆ ಹೊತ್ತಿಗೆ ಕಣ್ಣು, ಮೂತ್ರಪಿಂಡ, ಪಾದದ ನರಗಳಲ್ಲಿ ಹಾನಿ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಹಾಗಾಗಿ ಪದೇ ಪದೇ ಬರುವ ಕೆಲವು ಹೇಳಿಕೆಗಳನ್ನು ನಾವು ಒಂದೊಂದಾಗಿ ಬಿಡಿಸಿ ನೋಡಿದ್ದೇವೆ. ಸುಳ್ಳು ಯಾವುದು ಎಂದು ಹೇಳುವುದರ ಜೊತೆಗೆ, ನಿಜವಾಗಿ ಕೆಲಸ ಮಾಡುವ ಅಭ್ಯಾಸಗಳು ಯಾವುವು ಎಂಬುದನ್ನೂ ಇಲ್ಲಿ ವಿವರಿಸಿದ್ದೇವೆ.

ಸಾರಾಂಶ

- ಎರಡನೇ ವಿಧದ ಮಧುಮೇಹವನ್ನು ಹಲವರಲ್ಲಿ ತಡೆಯಬಹುದು ಅಥವಾ ಮುಂದೂಡಬಹುದು. ಇದಕ್ಕೆ ಗಟ್ಟಿ ಪುರಾವೆ ಇದೆ.
- ಬಂದಿರುವ ಮಧುಮೇಹವನ್ನು ಕೆಲವು ದಿನಗಳಲ್ಲಿ ವಾಸಿ ಮಾಡುವ ಕಷಾಯ, ಪುಡಿ, ಎಲೆ ಇದೆ ಎಂಬುದಕ್ಕೆ ಪುರಾವೆ ಇಲ್ಲ.
- ಬೆಲ್ಲ, ಜೇನುತುಪ್ಪ ಸಕ್ಕರೆಗೆ ಸುರಕ್ಷಿತ ಬದಲಿಯಲ್ಲ. ರಾಗಿ ಒಳ್ಳೆಯದು, ಆದರೆ ಅಳತೆ ಮೀರಿದರೆ ಅದೂ ಶುಗರ್ ಏರಿಸುತ್ತದೆ.
- ಮಾತ್ರೆ, ಇನ್ಸುಲಿನ್ ಕಡಿಮೆ ಮಾಡುವುದೋ ನಿಲ್ಲಿಸುವುದೋ ವೈದ್ಯರ ಜೊತೆ ಮಾತಾಡಿಯೇ ಆಗಬೇಕು.

ಮೊದಲು, ಶುಗರ್ ಎಂದರೇನು?

ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಈ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋದರೆ ಮಾತ್ರ ದೇಹಕ್ಕೆ ಶಕ್ತಿ. ಒಳಗೆ ಹೋಗಲು ಬಾಗಿಲು ತೆರೆಯುವ ಕೆಲಸ ಇನ್ಸುಲಿನ್‌ನದು. ಅದನ್ನು ತಯಾರಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ.

ಒಂದನೇ ವಿಧದ ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಇವರಿಗೆ ಇನ್ಸುಲಿನ್ ಚುಚ್ಚುಮದ್ದು ಊಟದಷ್ಟೇ ಅಗತ್ಯ. ಯಾರದೋ ಮಾತು ಕೇಳಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ.

ಎರಡನೇ ವಿಧದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ವರ್ಷಗಳು ಕಳೆದಂತೆ ಇನ್ಸುಲಿನ್ ಪ್ರಮಾಣವೂ ಕುಗ್ಗುತ್ತದೆ. ಸುತ್ತಮುತ್ತ ನಾವು ನೋಡುವ ಬಹುಪಾಲು ಮಂದಿಗೆ ಇರುವುದು ಇದೇ. ಗರ್ಭಾವಸ್ಥೆಯಲ್ಲಿ ಕಾಣಿಸಿಕೊಳ್ಳುವುದು ಮತ್ತೊಂದು ವಿಧ. ಹೆರಿಗೆಯ ನಂತರ ಅದು ಹೆಚ್ಚಾಗಿ ಸರಿಹೋಗುತ್ತದೆ, ಆದರೆ ಆ ತಾಯಿಗೆ ಮುಂದೆ ಎರಡನೇ ವಿಧದ ಮಧುಮೇಹ ಬರುವ ಸಾಧ್ಯತೆ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಹೊಸ್ತಿಲಿನ ಹಂತಕ್ಕೆ ಪೂರ್ವ ಮಧುಮೇಹ ಎನ್ನುತ್ತಾರೆ. ಈ ಲೇಖನ ಮುಖ್ಯವಾಗಿ ಇವರಿಗಾಗಿ ಮತ್ತು ಇವರ ಮನೆಯವರಿಗಾಗಿ.

ಹೇಳಿಕೆ 1: “ಮೊದಲು 140 ಇದ್ದ ಮಿತಿಯನ್ನು ಕಂಪನಿಗಳು 126ಕ್ಕೆ ಇಳಿಸಿ ಎಲ್ಲರನ್ನೂ ರೋಗಿಗಳನ್ನಾಗಿ ಮಾಡಿವೆ”

ಇದು ಅರ್ಧ ಸತ್ಯ. ಮಿತಿ ಇಳಿದದ್ದು ನಿಜ. 1979ರಲ್ಲಿ ಅಮೆರಿಕದ ತಜ್ಞರ ತಂಡವೊಂದು ಖಾಲಿ ಹೊಟ್ಟೆಯ ಶುಗರ್ 140 ಅಥವಾ ಹೆಚ್ಚಿದ್ದರೆ ಮಧುಮೇಹ ಎಂದು ಹೇಳಿತ್ತು. 1997ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಅದನ್ನು 126ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿಕೊಂಡಿತು.

ಸಂದೇಶದಲ್ಲಿ ಹೇಳದೆ ಬಿಟ್ಟದ್ದು ಇಳಿಸಿದ ಕಾರಣವನ್ನು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ. ಅಮೆರಿಕದ ಪಿಮಾ ಸಮುದಾಯದವರಲ್ಲಿ, ಈಜಿಪ್ಟಿನಲ್ಲಿ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರಾರು ಜನರ ಶುಗರ್ ಅಳೆದು, ಕಣ್ಣನ್ನೂ ಪರೀಕ್ಷಿಸಿದ್ದರು. ಕಣ್ಣಿನ ಹಾನಿ 140ಕ್ಕಿಂತ ಸಾಕಷ್ಟು ಮೊದಲೇ ಶುರುವಾಗುತ್ತಿತ್ತು. ಅಂದರೆ ಹಳೆಯ ಮಿತಿಯ ಪ್ರಕಾರ “ನಿಮಗೇನೂ ಇಲ್ಲ” ಎಂದು ಮನೆಗೆ ಕಳಿಸಿದವರಲ್ಲಿ ಕೆಲವರ ಕಣ್ಣು ಆಗಲೇ ಹಾಳಾಗುತ್ತಿತ್ತು. ಮಿತಿ ಬದಲಾದದ್ದು ಈ ಪುರಾವೆಯ ಮೇಲೆ.

ಈಗ ಬಳಕೆಯಲ್ಲಿರುವ ಅಂಕಿಗಳು ಇವು. ಶುಗರ್ ಅನ್ನು ಒಂದು ಡೆಸಿ ಲೀಟರ್ ರಕ್ತಕ್ಕೆ ಇಷ್ಟು ಮಿಲಿ ಗ್ರಾಂ ಎಂದು ಅಳೆಯುತ್ತಾರೆ.

- ಖಾಲಿ ಹೊಟ್ಟೆಯಲ್ಲಿ: 100ಕ್ಕಿಂತ ಕಡಿಮೆ ಸಹಜ, 100ರಿಂದ 125 ಪೂರ್ವ ಮಧುಮೇಹ, 126 ಮತ್ತು ಹೆಚ್ಚು ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ ಪೂರ್ವ ಹಂತವನ್ನು 110ರಿಂದ ಲೆಕ್ಕ ಹಿಡಿಯುತ್ತದೆ.
- 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಯ ನಂತರ: 140ಕ್ಕಿಂತ ಕಡಿಮೆ ಸಹಜ, 140ರಿಂದ 199 ಪೂರ್ವ ಮಧುಮೇಹ, 200 ಮತ್ತು ಹೆಚ್ಚು ಮಧುಮೇಹ.
- ಎಚ್‌ಬಿಎ1ಸಿ: ಶೇ 5.7ಕ್ಕಿಂತ ಕಡಿಮೆ ಸಹಜ, 5.7ರಿಂದ 6.4 ಪೂರ್ವ ಮಧುಮೇಹ, 6.5 ಮತ್ತು ಹೆಚ್ಚು ಮಧುಮೇಹ.

ಎಚ್‌ಬಿಎ1ಸಿ ಎಂದರೆ ಕಳೆದ ಎರಡು–ಮೂರು ತಿಂಗಳ ಶುಗರ್‌ನ ಸರಾಸರಿ ಲೆಕ್ಕ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಇದನ್ನು ಇಳಿಸಲಾಗದು. ಆದರೆ ರಕ್ತಹೀನತೆ ಇರುವವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು. ಹಾಗಾಗಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಯಾವ ಲಕ್ಷಣವೂ ಇಲ್ಲದವರಲ್ಲಿ ಒಂದೇ ಪರೀಕ್ಷೆ ನೋಡಿ ಮಧುಮೇಹ ಎಂದು ತೀರ್ಮಾನಿಸುವುದಿಲ್ಲ, ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮನೆಯ ಗ್ಲೂಕೋಮೀಟರ್ ದಿನನಿತ್ಯದ ಏರಿಳಿತ ನೋಡಲು ಸರಿ, ರೋಗ ಖಚಿತಪಡಿಸಿಕೊಳ್ಳಲು ಲ್ಯಾಬ್ ಪರೀಕ್ಷೆಯೇ ಬೇಕು.

ಹೇಳಿಕೆ 2: “ನಾನು ಸಿಹಿ ಮುಟ್ಟುವುದಿಲ್ಲ, ನನಗೆ ಶುಗರ್ ಬರಲ್ಲ”

ಇದು ತಪ್ಪು ತಿಳಿವಳಿಕೆ. ಎರಡನೇ ವಿಧದ ಮಧುಮೇಹಕ್ಕೆ ಹಲವು ಕಾರಣಗಳು ಸೇರಬೇಕು: ಅಪ್ಪ ಅಮ್ಮನಿಂದ ಬಂದ ಗುಣ, ಹೊಟ್ಟೆಯ ಸುತ್ತ ಸೇರಿದ ಕೊಬ್ಬು, ಕುಳಿತೇ ಮಾಡುವ ಕೆಲಸ, ವಯಸ್ಸು, ನಿದ್ದೆಯ ಕೊರತೆ, ತಂಬಾಕು. ಸಿಹಿ ಅತಿಯಾದರೆ ತೂಕ ಹೆಚ್ಚುತ್ತದೆ. ಸಕ್ಕರೆ ತುಂಬಿದ ತಂಪು ಪಾನೀಯಗಳು ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಸಿಹಿಯೊಂದನ್ನೇ ಬಿಟ್ಟರೆ ಸಾಲದು.

ನಮ್ಮ ತಟ್ಟೆಯನ್ನೇ ನೋಡಿ. ಬೆಳಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು ಅಥವಾ ಚಿತ್ರಾನ್ನ. ಮಧ್ಯಾಹ್ನ ಒಂದು ರಾಶಿ ಅನ್ನ, ಅದಕ್ಕೆ ತೆಳುವಾದ ಸಾರು, ಬದಿಯಲ್ಲಿ ಒಂದು ಚಮಚ ಪಲ್ಯ. ಸಂಜೆ ಬಿಸ್ಕತ್ತು, ಚಹಾ. ರಾತ್ರಿ ಮತ್ತೆ ಅನ್ನ. ಇದರಲ್ಲಿ ಸಿಹಿ ತಿಂಡಿ ಒಂದೂ ಇಲ್ಲ, ಆದರೂ ದಿನವಿಡೀ ತಿಂದದ್ದು ಹೆಚ್ಚಾಗಿ ಹಿಟ್ಟಿನ ಅಂಶವೇ. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಇದರಿಂದಲೇ ಬರುತ್ತದೆ ಎಂದು ಸಮೀಕ್ಷೆಗಳು ಹೇಳುತ್ತವೆ. ಬೇಳೆ, ಕಾಳು, ಮೊಟ್ಟೆ, ಮೊಸರಿನಂಥ ಪ್ರೋಟೀನ್ ಪಾಲು ಕಡಿಮೆ.

ಸಣಕಲು ದೇಹದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮಲ್ಲಿ ಸಾಮಾನ್ಯ. ಅದಕ್ಕೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂದು ಬಿಗಿಯಾಗಿ ಇಟ್ಟಿದ್ದಾರೆ.

ಹೇಳಿಕೆ 3: “ಸಕ್ಕರೆ ವಿಷ, ಬೆಲ್ಲ ಔಷಧ”

ಬೆಲ್ಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ಸಕ್ಕರೆಯೇ. ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ್ದು ಅದೂ ಇದೂ ಎರಡೂ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜಾಂಶ ಉಳಿದಿರುತ್ತದೆ ನಿಜ. ಆದರೆ ಒಂದು ತುಂಡಿನಲ್ಲಿ ಸಿಗುವ ಕಬ್ಬಿಣಾಂಶ ತೀರಾ ಅಲ್ಪ. ಅದು ಹೆಚ್ಚು ಬೇಕೆಂದು ಹೆಚ್ಚು ಬೆಲ್ಲ ತಿಂದರೆ ಮೊದಲು ಏರುವುದು ಶುಗರ್. ಜೇನುತುಪ್ಪಕ್ಕೂ, ತಾಟಿಬೆಲ್ಲಕ್ಕೂ ಇದೇ ಮಾತು.

ಇಲ್ಲಿ ಇನ್ನೊಂದು ಅಪಾಯವಿದೆ. “ಇದು ಬೆಲ್ಲದ್ದು, ಏನೂ ಆಗಲ್ಲ” ಎಂದು ಒಂದರ ಬದಲು ಎರಡು ಹೋಳಿಗೆ ತಿನ್ನುತ್ತೇವೆ. ಹಬ್ಬದ ದಿನ ಅರ್ಧ ಹೋಳಿಗೆ ತಿನ್ನಲೇಬೇಕು ಅನಿಸಿದರೆ, ಆ ಊಟದಲ್ಲಿ ಅನ್ನವನ್ನು ಅಷ್ಟು ಕಡಿಮೆ ಮಾಡಿ. ಬೆಲ್ಲವೆಂದು ಲೆಕ್ಕದಿಂದ ಬಿಡಬೇಡಿ.

ಹಣ್ಣಿನ ವಿಷಯ ಬೇರೆ. ಇಡೀ ಹಣ್ಣಿನಲ್ಲಿ ನಾರು ಇರುವುದರಿಂದ ಅದರ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ. ಸೀಬೆ, ಸೇಬು, ಪಪ್ಪಾಯಿ, ಕಿತ್ತಳೆಯನ್ನು ಮಿತವಾಗಿ ತಿನ್ನಬಹುದು. ಅದೇ ಹಣ್ಣನ್ನು ಜ್ಯೂಸ್ ಮಾಡಿದರೆ ನಾರು ಹೋಗಿ, ಮೂರು ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿ ಸೇರುತ್ತದೆ.

ಹೇಳಿಕೆ 4: “ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ”

ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಅನುಮಾನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 3 ಗ್ರಾಂ. ಕ್ಯಾಲ್ಸಿಯಂ ವಿಷಯದಲ್ಲಂತೂ ರಾಗಿಗೆ ಅಕ್ಕಿ ಹೋಲಿಕೆಯೇ ಅಲ್ಲ.

ಆದರೆ ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲೂ ಇದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ವ್ಯತ್ಯಾಸ ಇದೆ, ಆದರೆ ಆಕಾಶ–ಭೂಮಿಯಷ್ಟಲ್ಲ. ದೊಡ್ಡ ಮುದ್ದೆ ಉಂಡು, ಮೇಲೆ ಅನ್ನವನ್ನೂ ಉಂಡರೆ ರಾಗಿಯ ಲಾಭ ಅಲ್ಲಿಗೆ ಮುಗಿಯಿತು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಬೆಲ್ಲ ಹಾಕಿದ ರಾಗಿ ಮಾಲ್ಟ್ ಬೇಗ ಜೀರ್ಣವಾಗುತ್ತವೆ, ಶುಗರ್ ಕೂಡ ಬೇಗ ಏರುತ್ತದೆ.

ನಮ್ಮ ಹಿರಿಯರು ಮುದ್ದೆ ಉಂಡು ಗಟ್ಟಿಯಾಗಿದ್ದರು ಎಂಬ ಮಾತನ್ನೂ ಕೇಳುತ್ತೇವೆ. ಅವರು ಮುದ್ದೆಯ ಜೊತೆ ಹುರುಳಿ ಸಾರು, ಸೊಪ್ಪಿನ ಸಾರು, ಅವರೆಕಾಳು ಉಣ್ಣುತ್ತಿದ್ದರು. ಉಂಡ ಮೇಲೆ ಹೊಲದಲ್ಲಿ ಸಂಜೆಯವರೆಗೆ ದುಡಿಯುತ್ತಿದ್ದರು. ಉಂಡ ಮೇಲೆ ಕಂಪ್ಯೂಟರ್ ಮುಂದೆ ಕೂರುವ ನಾವು ಆ ಗಾತ್ರದ ಮುದ್ದೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಮುದ್ದೆ ಸಣ್ಣದಾಗಲಿ, ಕಾಳು–ಸೊಪ್ಪು ಹೆಚ್ಚಾಗಲಿ. ಸಿರಿಧಾನ್ಯಗಳಿಗೂ ಇದೇ ನಿಯಮ.

ಹೇಳಿಕೆ 5: “ಹಾಗಲಕಾಯಿ, ಮೆಂತ್ಯ ಸಾಕು, ಮಾತ್ರೆ ಬೇಡ”

ಅತಿ ಹೆಚ್ಚು ಹಾನಿ ಮಾಡುವ ಸಂದೇಶ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಮೆಂತ್ಯದಲ್ಲಿ ನೀರಲ್ಲಿ ಲೋಳೆಯಾಗುವ ನಾರು ಇದೆ. ಅದು ಆಹಾರದ ಸಕ್ಕರೆ ರಕ್ತ ಸೇರುವ ವೇಗವನ್ನು ತಗ್ಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಸಂಶೋಧಕರು 1990ರ ಹೊತ್ತಿಗೇ ಇದರ ಅಧ್ಯಯನ ನಡೆಸಿ ಸ್ವಲ್ಪ ಮಟ್ಟಿನ ಇಳಿಕೆ ಕಂಡಿದ್ದರು. ಆದರೆ ಅಲ್ಲಿ ಬಳಸಿದ್ದು ದಿನಕ್ಕೆ 25 ಗ್ರಾಂ ಹಾಗೂ ಅದಕ್ಕಿಂತ ಹೆಚ್ಚು. ರಾತ್ರಿ ನೆನೆಸಿಟ್ಟ ಒಂದು ಚಮಚ ಮೆಂತ್ಯದಿಂದ ಅಷ್ಟೇ ಫಲ ಬರುತ್ತದೆ ಎನ್ನಲಾಗದು. ಹಾಗಲಕಾಯಿ ಬಗ್ಗೆ ಲಭ್ಯ ಅಧ್ಯಯನಗಳನ್ನೆಲ್ಲ 2012ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಪರಾಮರ್ಶೆ ಜಾಲ ಒಟ್ಟಿಗೆ ಪರಿಶೀಲಿಸಿತು. ಎರಡನೇ ವಿಧದ ಮಧುಮೇಹಕ್ಕೆ ಅದನ್ನು ಔಷಧವಾಗಿ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂಬುದು ಅದರ ನಿಲುವು.

ಪಲ್ಯ, ಗೊಜ್ಜು ಮಾಡಿ ತಿನ್ನಲು ಹಾಗಲಕಾಯಿ ಒಳ್ಳೆಯ ತರಕಾರಿ. ತೊಂದರೆ ಇರುವುದು ಅದನ್ನು ಮಾತ್ರೆಯ ಜಾಗದಲ್ಲಿ ಕೂರಿಸಿದಾಗ. ಜೊತೆಗೆ, ಸೋರೆಕಾಯಿ ಜ್ಯೂಸ್ ಕುಡಿಯುವ ಅಭ್ಯಾಸ ಇರುವವರು ನೆನಪಿಡಿ: ಕಹಿಯಾದ ಸೋರೆಕಾಯಿಯಲ್ಲಿ ವಿಷಕಾರಿ ಅಂಶ ಇರುತ್ತದೆ. ಇದರಿಂದ ಸಾವುಗಳೂ ಸಂಭವಿಸಿವೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ್ದ ತಜ್ಞರ ಸಮಿತಿ ಈ ಬಗ್ಗೆ ಎಚ್ಚರಿಸಿದೆ. ರಸ ಕಹಿ ಅನಿಸಿದರೆ ಉಗಿದುಬಿಡಿ, ಕುಡಿಯಲೇಬೇಡಿ.

ಹಾಗಾದರೆ “ನನಗೆ ಕಷಾಯದಿಂದಲೇ ಇಳಿಯಿತು” ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಬಹಳ ಸಲ ಇಲ್ಲ. ಕಷಾಯ ಶುರು ಮಾಡಿದ ದಿನವೇ ಅವರು ಚಹಾದ ಸಕ್ಕರೆ ಬಿಟ್ಟಿರುತ್ತಾರೆ, ಬೆಳಗ್ಗೆ ವಾಕಿಂಗ್ ಶುರು ಮಾಡಿರುತ್ತಾರೆ, ರಾತ್ರಿ ಅನ್ನ ಕಡಿಮೆ ಮಾಡಿರುತ್ತಾರೆ. ಹಲವರು ಮಾತ್ರೆಯನ್ನೂ ಮುಂದುವರಿಸಿರುತ್ತಾರೆ. ಶುಗರ್ ಇಳಿದಾಗ ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಲೇಬಲ್ ಇಲ್ಲದೆ ಮಾರುವ ಕೆಲವು ‘ಗಿಡಮೂಲಿಕೆ’ ಪುಡಿಗಳಲ್ಲಿ ಅಲೋಪಥಿಯ ಶುಗರ್ ಮಾತ್ರೆಯನ್ನೇ ಗುಟ್ಟಾಗಿ ಬೆರೆಸಿರುವುದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆ ಮಾಡಿದ್ದಾರೆ. ಎಷ್ಟು ಬೆರೆತಿದೆ ಎಂದು ಗೊತ್ತಿಲ್ಲದೆ ತೆಗೆದುಕೊಂಡರೆ ಶುಗರ್ ದಿಢೀರ್ ಕುಸಿಯಬಹುದು.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ. ಅದನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ನೀಡುವುದೇ ಅಪರಾಧ. “ಶುಗರ್ ಗ್ಯಾರಂಟಿ ವಾಸಿ, ಈ ನಂಬರ್‌ಗೆ ಕರೆ ಮಾಡಿ” ಎಂಬ ಪೋಸ್ಟರ್ ಬಂದರೆ, ಅದು ನಂಬಲು ಯೋಗ್ಯವಲ್ಲ ಎನ್ನಲು ಇಷ್ಟು ಸಾಕು.

ಹೇಳಿಕೆ 6: “ಮಾತ್ರೆ ಕಿಡ್ನಿ ಹಾಳು ಮಾಡುತ್ತದೆ, ಇನ್ಸುಲಿನ್ ಶುರುವಾದರೆ ಕೊನೆಗಾಲ”

ಮಧುಮೇಹಿಗಳಲ್ಲಿ ಮೂತ್ರಪಿಂಡ ಹಾಳಾಗುವುದಕ್ಕೆ ಮುಖ್ಯ ಕಾರಣ ಹತೋಟಿ ತಪ್ಪಿದ ಶುಗರ್ ಮತ್ತು ರಕ್ತದೊತ್ತಡ. ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆ ಕಿಡ್ನಿಯನ್ನು ಹಾಳು ಮಾಡುವುದಿಲ್ಲ. ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಮೊದಲೇ ದುರ್ಬಲವಾಗಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಇದನ್ನೇ ತಿರುಚಿ “ಮಾತ್ರೆಯಿಂದ ಕಿಡ್ನಿ ಹೋಯಿತು” ಎಂದು ಹಬ್ಬಿಸಲಾಗಿದೆ. ಮೆಟ್‌ಫಾರ್ಮಿನ್‌ಗೂ ಅಡ್ಡಪರಿಣಾಮ ಇಲ್ಲದಿಲ್ಲ. ಕೆಲವರಿಗೆ ಹೊಟ್ಟೆ ಕೆಡುತ್ತದೆ, ಬಹಳ ವರ್ಷ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ಎರಡಕ್ಕೂ ಪರಿಹಾರವಿದೆ.

“ಗಿಡಮೂಲಿಕೆ ಮಾತ್ರ ಬೇಕು, ಕೆಮಿಕಲ್ ಬೇಡ” ಎನ್ನುವವರಿಗೆ ಒಂದು ಕುತೂಹಲದ ಸಂಗತಿ. ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡದ ಅಧ್ಯಯನದಲ್ಲಿದೆ. ಯುರೋಪಿನಲ್ಲಿ ನಾಟಿ ಔಷಧಿಯಾಗಿ ಬಳಸುತ್ತಿದ್ದ ಗಲೀಗ ಎಂಬ ಗಿಡದ ಅಂಶವನ್ನು ಬೆನ್ನುಹತ್ತಿ, ವಿಷಕಾರಿ ಭಾಗವನ್ನು ಬಿಟ್ಟು, ದಶಕಗಳ ಪ್ರಯೋಗದ ನಂತರ 1957ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಮಧುಮೇಹಿಗಳಿಗೆ ಕೊಟ್ಟ ವರದಿ ಪ್ರಕಟವಾಯಿತು. ಮನೆಯ ಕಷಾಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಳತೆ ಮತ್ತು ಪರೀಕ್ಷೆಯದು.

ಇನ್ಸುಲಿನ್ ಕೂಡ ಚಟವಲ್ಲ, ಕೊನೆಗಾಲದ ಗುರುತೂ ಅಲ್ಲ. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಒಂದನೇ ವಿಧದ ಮಧುಮೇಹ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ, ಸೋಂಕು, ಗರ್ಭಾವಸ್ಥೆಯಂಥ ಸಂದರ್ಭದಲ್ಲಿ ಕೆಲವು ದಿನ ಇನ್ಸುಲಿನ್ ಕೊಟ್ಟು ಮತ್ತೆ ನಿಲ್ಲಿಸುವುದೂ ಉಂಟು.

ಹಾಗಾದರೆ ಅಭ್ಯಾಸ ಬದಲಿಸಿದರೆ ಉಪಯೋಗವಿದೆಯೇ?

ಇದೆ. ಅಮೆರಿಕದಲ್ಲಿ ಪೂರ್ವ ಮಧುಮೇಹ ಹಂತದ 3,234 ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ತೂಕವನ್ನು ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಹಾಕಿಕೊಂಡ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ಕಡಿಮೆಯಾಗಿತ್ತು. ಮೆಟ್‌ಫಾರ್ಮಿನ್ ತೆಗೆದುಕೊಂಡ ಗುಂಪಿನಲ್ಲಿ ಇಳಿಕೆ ಶೇ 31.

“ಅದು ಅಮೆರಿಕದವರ ಮಾತು” ಎನ್ನಬಹುದು. ಚೆನ್ನೈನ ಸಂಶೋಧಕರು 531 ಭಾರತೀಯರ ಮೇಲೆ ಇಂಥದೇ ಪ್ರಯೋಗ ನಡೆಸಿ 2006ರಲ್ಲಿ ವರದಿ ಪ್ರಕಟಿಸಿದರು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ 100ಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಅದು 39ಕ್ಕೆ ಇಳಿಯಿತು. ಈ ಎರಡೂ ಅಂಕಿಗಳನ್ನು ನೋಡಬೇಕು. 100ರಲ್ಲಿ 16 ಮಂದಿ ಪಾರಾದದ್ದು ಸಣ್ಣ ಮಾತಲ್ಲ. ಹಾಗೆಯೇ, ಎಲ್ಲವನ್ನೂ ಪಾಲಿಸಿದರೂ ಕೆಲವರಿಗೆ ಮಧುಮೇಹ ಬರುತ್ತದೆ. ಬಂದರೆ ಅದು ಅವರ ಸೋಮಾರಿತನದ ಫಲ ಎಂದು ಹೀಯಾಳಿಸುವುದು ಸರಿಯಲ್ಲ.

ಬಂದ ಮೇಲೆ ಮಾತ್ರೆ ಬಿಡುವಂತೆ ಆಗಬಹುದೇ? ಕೆಲವರಿಗೆ ಆಗಬಹುದು. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ, ಮಧುಮೇಹ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ಬಳಸದವರಿಗೆ ತಿಂಗಳುಗಟ್ಟಲೆ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ವರ್ಷದ ನಂತರ ಶೇ 46ರಷ್ಟು ಮಂದಿಯ ಶುಗರ್ ಮಾತ್ರೆಯಿಲ್ಲದೆ ಮಧುಮೇಹದ ಮಿತಿಗಿಂತ ಕೆಳಗಿತ್ತು. ಎರಡು ವರ್ಷಕ್ಕೆ ಆ ಪ್ರಮಾಣ ಶೇ 36ಕ್ಕೆ ಬಂತು. ಇದನ್ನು ವೈದ್ಯರು ‘ವಾಸಿ’ ಎನ್ನುವುದಿಲ್ಲ, ‘ಉಪಶಮನ’ ಎನ್ನುತ್ತಾರೆ. ತೂಕ ಮರಳಿದರೆ ಶುಗರ್ ಕೂಡ ಮರಳುತ್ತದೆ. ಮುಖ್ಯವಾಗಿ, ಅವರು ಮಾತ್ರೆ ಬಿಟ್ಟದ್ದು ವೈದ್ಯರ ಕಣ್ಣೆದುರು, ನಿಯಮಿತ ತಪಾಸಣೆಯ ನಡುವೆ.

ದಿನನಿತ್ಯ ಮಾಡಬಹುದಾದದ್ದು

*ತಟ್ಟೆ:* ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು ಅಥವಾ ಮೊಸರು. ಉಳಿದ ಕಾಲು ಭಾಗ ಅನ್ನ, ಮುದ್ದೆ, ಚಪಾತಿ ಅಥವಾ ರೊಟ್ಟಿ, ಇವುಗಳಲ್ಲಿ ಒಂದು. ಕೋಸಂಬರಿ, ಪಲ್ಯವನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಶುಗರ್ ಏರಿಕೆ ಕಡಿಮೆ ಎಂದು ಸಣ್ಣ ಅಧ್ಯಯನಗಳು ತೋರಿಸಿವೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು.

*ನಡಿಗೆ:* ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 41 ಮಧುಮೇಹಿಗಳು ಭಾಗವಹಿಸಿದ್ದರು. ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿಯೂಟದ ನಂತರ ಈ ಲಾಭ ಇನ್ನೂ ಹೆಚ್ಚು. ಮನೆಯ ಮಹಡಿ, ಓಣಿ, ಆಫೀಸಿನ ವರಾಂಡ ಎಲ್ಲಾದರೂ ಸರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಗ್ಲೂಕೋಸನ್ನು ತಾವೇ ಹೀರಿಕೊಳ್ಳುತ್ತವೆ.

*ನಿದ್ದೆ, ತಂಬಾಕು:* ನಿದ್ದೆ ಕಡಿಮೆಯಾದರೆ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಧೂಮಪಾನಿಗಳಲ್ಲಿ ಮಧುಮೇಹದ ಅಪಾಯ ಹೆಚ್ಚು, ಬಂದ ಮೇಲೆ ಹೃದಯ ಮತ್ತು ಕಾಲಿನ ರಕ್ತನಾಳಗಳಿಗೆ ಹಾನಿಯೂ ಹೆಚ್ಚು.

*ಪಾದ:* ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗದೆ ಗಾಯ ಕೊಳೆಯುವವರೆಗೆ ಹೋಗಬಹುದು. ರಾತ್ರಿ ಮಲಗುವ ಮುನ್ನ ಪಾದ, ಬೆರಳುಗಳ ಸಂದು ನೋಡಿಕೊಳ್ಳಿ. ಬಗ್ಗಿ ನೋಡಲು ಆಗದ ಹಿರಿಯರಿಗೆ ಮನೆಯವರು ನೋಡಲಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಡಿ.

*ಶುಗರ್ ದಿಢೀರ್ ಕುಸಿದರೆ:* ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಬೆವರು, ನಡುಕ, ಗೊಂದಲ ಕಾಣಿಸಬಹುದು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮಾತ್ರೆಯ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

*ವರ್ಷಕ್ಕೊಮ್ಮೆ:* ಮಧುಮೇಹ ಇರುವವರು ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್, ಪಾದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ನಿಮ್ಮ ಅಪಾಯ ಎಷ್ಟು? ಎರಡು ನಿಮಿಷದ ಲೆಕ್ಕ

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಭಾರತೀಯರಿಗಾಗಿಯೇ ಒಂದು ಅಂಕಪಟ್ಟಿ ರೂಪಿಸಿದೆ. ಒಂದು ಟೇಪು ಇದ್ದರೆ ಸಾಕು.

- ವಯಸ್ಸು: 35ಕ್ಕಿಂತ ಕಡಿಮೆ 0, 35ರಿಂದ 49ಕ್ಕೆ 20, 50 ಮತ್ತು ಹೆಚ್ಚು 30.
- ಸೊಂಟದ ಸುತ್ತಳತೆ: ಹೆಂಗಸರು 80, ಗಂಡಸರು 90 ಸೆಂ.ಮೀ.ಗಿಂತ ಕಡಿಮೆ 0. ಹೆಂಗಸರು 80–89, ಗಂಡಸರು 90–99 ಇದ್ದರೆ 10. ಅದಕ್ಕಿಂತ ಹೆಚ್ಚು 20.
- ದೈಹಿಕ ಶ್ರಮ: ವ್ಯಾಯಾಮವೂ ಶ್ರಮದ ಕೆಲಸವೂ ಇದ್ದರೆ 0, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.
- ಕುಟುಂಬ: ತಂದೆ ತಾಯಿಗೆ ಮಧುಮೇಹ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ಕೂಡಲೇ ರಕ್ತಪರೀಕ್ಷೆ ಮಾಡಿಸಿ. 30ರಿಂದ 50 ಮಧ್ಯಮ ಅಪಾಯ. ಗಮನಿಸಿ: ಈ ನಾಲ್ಕರಲ್ಲಿ ವಯಸ್ಸು ಮತ್ತು ತಂದೆ ತಾಯಿ ನಮ್ಮ ಕೈಯಲ್ಲಿಲ್ಲ. ಸೊಂಟ ಮತ್ತು ಶ್ರಮದ 50 ಅಂಕ ನಮ್ಮ ಕೈಯಲ್ಲಿದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತವಾಗಿ ಸಿಗುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ, ಜಾಗ ತಿಳಿಸುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಶುಗರ್ ಕುರಿತ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಮಾತ್ರೆ ನಿಲ್ಲಿಸಲು ಹೇಳುತ್ತಿದೆಯೇ? ದಿನ ನಿಗದಿ ಮಾಡಿ ಗ್ಯಾರಂಟಿ ಕೊಡುತ್ತಿದೆಯೇ? ಕೊನೆಯಲ್ಲಿ ಫೋನ್ ನಂಬರ್ ಅಥವಾ ಖರೀದಿಯ ಲಿಂಕ್ ಇದೆಯೇ? ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ಅದು ನಿಮ್ಮ ಮೊಬೈಲ್‌ನಲ್ಲೇ ನಿಲ್ಲಲಿ.

ಕಳಿಸಿದ ಹಿರಿಯರೊಂದಿಗೆ ಗುಂಪಿನಲ್ಲಿ ಜಗಳ ಬೇಡ. ಎಲ್ಲರೆದುರು ತಪ್ಪು ತೋರಿಸಿದರೆ ಅವರು ಪಟ್ಟು ಹಿಡಿಯುತ್ತಾರೆ. ಬೇರೆಯಾಗಿ ಫೋನ್ ಮಾಡಿ, “ದೊಡ್ಡಪ್ಪ, ನೀವು ಮಾತ್ರೆ ತಗೊಳ್ತಾ ಇದ್ದೀರಲ್ವಾ?” ಎಂದು ಕೇಳಿ. ಬಿಟ್ಟಿದ್ದರೆ ಮರುದಿನವೇ ಶುಗರ್ ಪರೀಕ್ಷೆಗೆ ಕರೆದುಕೊಂಡು ಹೋಗಿ, ರಿಪೋರ್ಟ್ ಹಿಡಿದು ವೈದ್ಯರ ಬಳಿ ಮಾತಾಡಿಸಿ. ಅವರಿಗೆ ಈಗ ಬೇಕಾಗಿರುವುದು ಅದೇ.

*ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಔಷಧ, ಆಹಾರ, ವ್ಯಾಯಾಮದಲ್ಲಿ ಬದಲಾವಣೆ ಮಾಡುವ ಮುನ್ನ ನಿಮ್ಮ ವೈದ್ಯರನ್ನು ಸಂಪರ್ಕಿಸಿ.*